ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ಸಿಕ್ಕೊಂಡೈತಿ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಹುಡುಗರು ಪದೇ ಪದೇ ಕೇಳೋ ಪ್ರಶ್ನೆಗಳು

ಧಾರವಾಡದಾಗ ನಂದೊಂದು ಆನ್‌ಲೈನ್ ಅರ್ಜಿ ಹಾಕೋ ಅಂಗಡಿ ಐತ್ರಿ. ಕಾಲೇಜ್ ಅಡ್ಮಿಷನ್ ಮುಗಿದ ಮ್ಯಾಲಿಂದ ಬ್ಯಾಸಗಿ ಸೂಟಿ ಬರೂತನಕ ದಿನಾ ಬರೋ ಪ್ರಶ್ನೆ ಇವ. ಕೆಲವರು ಊರಿಂದ ಬಸ್ ಹತ್ತಿ ಬಂದು ಕೇಳ್ತಾರ, ಕೆಲವರು ರಾತ್ರಿ ಹನ್ನೊಂದಕ್ಕ ವಾಟ್ಸಾಪ್‌ನ್ಯಾಗ ಒಂದ್ ಸ್ಕ್ರೀನ್‌ಶಾಟ್ ಒಗದು "ಅಣ್ಣಾ ಇದೇನು?" ಅಂತಾರ. ಹೆಚ್ಚಾಗಿ ಎಸ್‌ಎಸ್‌ಪಿ ಅಂದ್ರ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಬಗ್ಗೆ ಬರದೀನಿ, ನಡುವ ನಡುವ ಕೇಂದ್ರದ ಪೋರ್ಟಲ್ ಎನ್‌ಎಸ್‌ಪಿನೂ ಬರ್ತೈತಿ.

ಅರ್ಜಿ ಹಾಕಿ ತಿಂಗಳಗಟ್ಟಲೆ ಆತು, ಸ್ಟೇಟಸ್ ಅಲ್ಲೇ ನಿಂತೈತಿ. ಯಾರನ್ನ ಕೇಳೋದು?

ಮೊದಲ ಎಲ್ಲಿ ನಿಂತೈತಿ ನೋಡ್ರಿ, ಯಾರನ್ನ ಕೇಳೋದು ಅನ್ನೋದು ಆಮ್ಯಾಲೆ. ಭಾಳ ಮಂದಿ ಸೀದಾ ಇಲಾಖೆ ಆಫೀಸಿಗೆ ಹೋಗಿ ಪಾಳಿ ಹಚ್ಚತಾರ, ಅಲ್ಲಿ ಅವರು ಕಂಪ್ಯೂಟರ್ ನೋಡಿ "ನಿಮ್ಮ ಕಾಲೇಜ್ ಲಾಗಿನ್‌ನ್ಯಾಗ ಐತ್ರಿ" ಅಂತಾರ, ತಿರುಗಿ ಕಾಲೇಜಿಗೆ ಬಂದ್ರ ಕ್ಲಾರ್ಕ್ ಊಟಕ್ಕ ಹೋಗಿರ್ತಾರ, ಆ ದಿನ ಅಲ್ಲಿಗೆ ಹೋತು.

ಅರ್ಜಿ ಹೋಗೋ ದಾರಿ ಹಿಂಗ ಐತಿ. ನೀವು ಸಬ್ಮಿಟ್ ಮಾಡೂಕಿಂತ ಮೊದಲ ನಿಮ್ಮ ಸ್ಟಡಿ ಸರ್ಟಿಫಿಕೇಟ್, ಫೀ ರಸೀದಿ, ಹಾಸ್ಟೆಲ್‌ದಾಗಿದ್ರ ಅದರ ಕಾಗದ, ಇವೆಲ್ಲಾ ಕಾಲೇಜಿನ ಒಬ್ಬ ಅಧಿಕಾರಿ ಕಂಪ್ಯೂಟರ್‌ನ್ಯಾಗ ಖರೇ ಅಂತ ದೃಢೀಕರಣ ಮಾಡಬೇಕು, ಇ-ಅಟೆಸ್ಟೇಶನ್ ಅಂತಾರಲ್ಲ ಅದ. ಆಮ್ಯಾಲೆ ಅರ್ಜಿ ನಿಮ್ಮ ಜಾತಿ-ವರ್ಗದ ಮ್ಯಾಲೆ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಹಿಂಗ ಯಾವುದೋ ಒಂದು ಇಲಾಖೆಗೆ ಹೋಗ್ತೈತಿ. ಅವರು ಪರಿಶೀಲನೆ ಮಾಡಿ ಮಂಜೂರು ಮಾಡಿದ ಮ್ಯಾಲೆ ಬಿಲ್ ಖಜಾನೆಗೆ ಹೋಗ್ತೈತಿ. ಖಜಾನೆಯಿಂದ ರೊಕ್ಕ ಆಧಾರ್ ನಂಬರ್ ಹಿಡಕೊಂಡು ಬ್ಯಾಂಕಿಗೆ ಬರ್ತೈತಿ, ನೀವು ಅರ್ಜ್ಯಾಗ ತುಂಬಿದ ಅಕೌಂಟ್ ನಂಬರ್ ಹಿಡಕೊಂಡಲ್ಲ.

ಅಂದ್ರ ನಿಲ್ಲಾಕ ನಾಕ್ ಜಾಗ ಅದಾವು. ಕಾಲೇಜು, ಇಲಾಖೆ, ಖಜಾನೆ, ಬ್ಯಾಂಕು. ನಾಕೂ ಕಡೆ ಕೇಳೋ ಪ್ರಶ್ನೆ ಬ್ಯಾರೆ ಬ್ಯಾರೆ. ಪೋರ್ಟಲ್‌ನ್ಯಾಗ ನಿಮ್ಮ ಎಸ್‌ಎಸ್‌ಪಿ ವಿದ್ಯಾರ್ಥಿ ಐಡಿ ಹಾಕಿ ಸ್ಟೇಟಸ್ ತಗೀರಿ, ಅದರದ್ದೊಂದು ಪ್ರಿಂಟ್ ತಗೊಂಡ ಮ್ಯಾಲೆ ಮನಿ ಬಿಡ್ರಿ. ಬಾಯಿಮಾತಿಲೆ "ನಂದು ಬಂದಿಲ್ರಿ" ಅಂದವರಿಗೆ ಯಾವ ಆಫೀಸ್‌ನ್ಯಾಗೂ ಉತ್ತರ ಸಿಗಂಗಿಲ್ಲ.

ಕಾಲೇಜ್‌ನ್ಯಾಗ ಕೇಳಿದ್ರ "ನಮ್ಮ ಕಡೆ ಏನೂ ಪೆಂಡಿಂಗ್ ಇಲ್ಲ" ಅಂತಾರ, ಇಲಾಖ್ಯಾಗ ಕೇಳಿದ್ರ ಕಾಲೇಜ್ ಕಡೆ ಬೆರಳ ತೋರಸ್ತಾರ.

ಇದರಾಗ ಇಬ್ಬರೂ ಸುಳ್ಳ ಹೇಳಿರಂಗಿಲ್ಲ ಅನ್ನೋದ ಮಜಾ. ಒಂದು ಕಾಲೇಜಿಗೆ ಎರಡ್ಮೂರು ಲಾಗಿನ್ ಇರ್ತಾವು. ದಾಖಲೆ ದೃಢೀಕರಣ ಮಾಡೋ ಲಾಗಿನ್ ಬ್ಯಾರೆ, ಡಿಗ್ರಿ ಹುಡುಗರ ಅಡ್ಮಿಷನ್ ಡೇಟಾ ಇರೋ ಯುಯುಸಿಎಂಎಸ್ ಬ್ಯಾರೆ, ಎನ್‌ಎಸ್‌ಪಿ ನೋಡಲ್ ಅಧಿಕಾರಿ ಲಾಗಿನ್ ಮತ್ತ ಬ್ಯಾರೆ. ಕ್ಲಾರ್ಕ್ ಒಂದು ಲಾಗಿನ್ ತಗದು ನೋಡಿ ಇಲ್ಲ ಅಂದಿರ್ತಾರ. ಅದಕ್ಕ "ಸರ್, ನನ್ನ ಸ್ಕಾಲರ್‌ಶಿಪ್ ಏನಾತು" ಅಂತ ಕೇಳಬ್ಯಾಡ್ರಿ, "ಸರ್, ಇ-ಅಟೆಸ್ಟೇಶನ್ ಲಾಗಿನ್‌ನ್ಯಾಗ ನನ್ನ ಹೆಸರ ಐತೇನು ನೋಡ್ರಿ, ಯುಯುಸಿಎಂಎಸ್‌ನ್ಯಾಗ ಈ ವರ್ಷದ ಸೆಮಿಸ್ಟರ್‌ಗೆ ಅಡ್ಮಿಷನ್ ಅಪ್ರೂವ್ ಆಗೈತೇನು ನೋಡ್ರಿ" ಅಂತ ಬಿಡಿಸಿ ಕೇಳ್ರಿ. ಎಷ್ಟೋ ಸಲ ಅಲ್ಲೇ ಹತ್ತು ನಿಮಿಷದಾಗ ಬಗಿಹರೀತೈತಿ.

ಹಾವೇರಿ ಜಿಲ್ಲೆ ಡಿಗ್ರಿ ಹುಡುಗರಿಗೆ ಒಂದು ಮಾತು. ನಿಮ್ಮ ಕಡೆ ಕಾಲೇಜು ಮೊದಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕ ಸೇರಿದ್ದು, 2023ರಾಗ ಹಾವೇರಿ ವಿಶ್ವವಿದ್ಯಾಲಯ ಆತು. ಅರ್ಜ್ಯಾಗ ವಿಶ್ವವಿದ್ಯಾಲಯ ಆರಸೋ ಕಡೆ ಅಣ್ಣಂದು ಏನಿತ್ತು ಗೆಳ್ಯಾಂದು ಏನಿತ್ತು ಅಂತ ನೋಡಬ್ಯಾಡ್ರಿ, ನಿಮ್ಮದ ರಜಿಸ್ಟ್ರೇಶನ್ ಮತ್ತ ಮಾರ್ಕ್ಸ್ ಕಾರ್ಡ್ ಮ್ಯಾಲೆ ಯಾವ ವಿಶ್ವವಿದ್ಯಾಲಯದ ಹೆಸರೈತಿ ಅದನ್ನ ಹಾಕ್ರಿ. ತಪ್ಪು ಆರಿಸಿದ್ರ ನಿಮ್ಮ ರಜಿಸ್ಟರ್ ನಂಬರ್ ಸಿಗಂಗಿಲ್ಲ, "ಡೇಟಾ ಇಲ್ಲ" ಅಂತ ಬರ್ತೈತಿ, ಸರ್ವರ್ ಕೆಟ್ಟೈತಿ ಅಂತ ತಿಳಕೊಂಡು ಕಾಯ್ಕೋತ ಕುಂದರ್ತೀರಿ.

ಪೋರ್ಟಲ್‌ನ್ಯಾಗ ರೊಕ್ಕ ಹಾಕೀವಿ ಅಂತ ತೋರಸ್ತೈತಿ. ಪಾಸ್‌ಬುಕ್ ಎಂಟ್ರಿ ಮಾಡಸಿದ್ರ ಏನೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಬರೋ ಪ್ರಶ್ನೆ ಇದು, ಹಂಗಾಗಿ ಸ್ವಲ್ಪ ಉದ್ದ ಹೇಳ್ತೀನಿ, ಓದ್ರಿ.

ಬ್ಯಾಂಕ್‌ನ್ಯಾಗ ಆಧಾರ್ ಲಿಂಕ್ ಆಗೋದು ಒಂದು. ಬ್ಯಾಂಕ್‌ಗಳ ನಡುವ ರೊಕ್ಕ ಕಳಸೋ ವ್ಯವಸ್ಥೆ ನೋಡ್ಕೊಳ್ಳೋ ಎನ್‌ಪಿಸಿಐ ಅನ್ನೋ ಸಂಸ್ಥ್ಯಾಗ ಮ್ಯಾಪಿಂಗ್ ಆಗೋದು ಇನ್ನೊಂದು, ಇದಕ್ಕ ಸೀಡಿಂಗ್ ಅಂತಾನೂ ಅಂತಾರ. ಮೊದಲನೇದು ಕೆವೈಸಿ ಸಲುವಾಗಿ, ನೀವು ಯಾರು ಅಂತ ಬ್ಯಾಂಕಿಗೆ ಗೊತ್ತಾಗಾಕ. ಎರಡನೇದು ಸರ್ಕಾರದ ರೊಕ್ಕ ಈ ಆಧಾರ್‌ಗೆ ಬಂದ್ರ ಯಾವ ಬ್ಯಾಂಕಿಗೆ ಕಳಸಬೇಕು ಅಂತ ಬರದಿಟ್ಟ ಪಟ್ಟಿ. ನೀವು ಎಷ್ಟ ಬ್ಯಾಂಕಿಗೆ ಆಧಾರ್ ಕೊಟ್ಟಿದ್ರೂ ಆ ಪಟ್ಟ್ಯಾಗ ಇರೋದು ಒಂದ ಬ್ಯಾಂಕು, ಕಡೀಕ ಯಾವುದಕ್ಕ ಒಪ್ಪಿಗಿ ಕೊಟ್ಟೀರಿ ಅದು. ಅದಕ್ಕ ಕೌಂಟರ್‌ನ್ಯಾಗ "ಆಧಾರ್ ಲಿಂಕ್ ಐತೇನ್ರಿ" ಅಂದ್ರ "ಐತಿ" ಅಂತ ಬರ್ತೈತಿ ಉತ್ತರ, ಅದು ಖರೇನೂ ಇರ್ತೈತಿ, ರೊಕ್ಕ ಮಾತ್ರ ಬಂದಿರಂಗಿಲ್ಲ. ಎನ್‌ಪಿಸಿಐ ಸೀಡಿಂಗ್ ಆಗೈತೇನು ಅಂತನ ಕೇಳಬೇಕು.

ಬ್ಯಾಂಕಿಗೆ ಹೋಗೂ ಮೊದಲ ಮೊಬೈಲ್‌ನ್ಯಾಗ ಮೈಆಧಾರ್ ವೆಬ್‌ಸೈಟ್ ತಗದು ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡ್ರಿ, ಯಾವ ಬ್ಯಾಂಕು, ಚಾಲೂ ಐತೋ ಇಲ್ಲೋ ಅಂತ ಹೇಳ್ತೈತಿ. ಆಮ್ಯಾಲೆ ಡಿಬಿಟಿ ಕರ್ನಾಟಕ ಆಪ್ ಹಾಕ್ಕೊಂಡು ನೋಡ್ರಿ, ಅದರಾಗ ಯಾವ ಯೋಜನೆ ರೊಕ್ಕ ಯಾವ ತಾರೀಖಿಗೆ ಯಾವ ಬ್ಯಾಂಕಿಗೆ ಹೋತು ಅಂತ ಬರ್ತೈತಿ. ಎರಡಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲೂ ಇರಬೇಕು, ಓಟಿಪಿ ಅದಕ್ಕ ಬರೋದು.

ಇಷ್ಟ ಮಾಡಿದ ಕೂಡಲೇ ಅರ್ಧಾ ಮಂದಿಗೆ ಕಳದ ರೊಕ್ಕ ಸಿಗ್ತೈತಿ. ಎಲ್ಲಿ ಅಂದ್ರ, ಎಂದೋ ಸಿಮ್ ತಗೊಳ್ಳುವಾಗ ಬೆರಳು ಒತ್ತಿಸಿಕೊಂಡು ತಗದುಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಅಕೌಂಟ್‌ನ್ಯಾಗ, ಇಲ್ಲಾ ಹೈಸ್ಕೂಲ್ ಇದ್ದಾಗ ಅವ್ವನ ಜೋಡಿ ತಗದ ಜಾಯಿಂಟ್ ಅಕೌಂಟ್‌ನ್ಯಾಗ, ಇಲ್ಲಾ ಅಂಚೆ ಕಚೇರಿಯವರು ಸಾಲಿಗೆ ಬಂದು ಮಾಡಿದ ಖಾತ್ಯಾಗ. ರೊಕ್ಕ ನಿಮ್ಮದ, ಬಾಗಲಾ ಬ್ಯಾರೆ ಆಗಿರ್ತೈತಿ ಅಷ್ಟ.

ನಮ್ಮ ಕಡೆ ಇನ್ನೊಂದು ಗೊಂದಲ ಐತಿ. ಹಳ್ಳ್ಯಾಗ ಬಹುತೇಕ ಅಕೌಂಟ್ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್‌ನ್ಯಾಗ ಇದ್ದು, ಅದರ ಹೆಡ್ ಆಫೀಸ್ ಇಲ್ಲೇ ಧಾರವಾಡದಾಗ ಇತ್ತು. 2025ರ ಮೇ 1ಕ್ಕ ಅದು ಬಳ್ಳಾರಿಯ ಗ್ರಾಮೀಣ ಬ್ಯಾಂಕ್ ಜೋಡಿ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆತು. ಅದಕ್ಕೂ ಮೊದಲ 2020ರಾಗ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನ್ಯಾಗ ಸೇರಿತ್ತು. ಮನ್ಯಾಗ ಇನ್ನೂ ಹಳೇ ಹೆಸರಿನ ಪಾಸ್‌ಬುಕ್ಕ ಇದ್ರ ಅದನ್ನ ನೋಡಿ ಐಎಫ್‌ಎಸ್‌ಸಿ ತುಂಬಬ್ಯಾಡ್ರಿ, ಶಾಖೆಗೆ ಹೋಗಿ ಈಗಿನದ್ದು ಕೇಳಿ ಬರಸ್ಕೊಳ್ರಿ. ಆಧಾರ್ ಮ್ಯಾಲೆ ಬರೋ ರೊಕ್ಕಕ್ಕ ಐಎಫ್‌ಎಸ್‌ಸಿ ಬೇಕಾಗಂಗಿಲ್ಲ ಖರೇ, ಆದ್ರ ಖಾಸಗಿ ಟ್ರಸ್ಟ್‌ಗಳ ಸ್ಕಾಲರ್‌ಶಿಪ್, ಕಾಲೇಜ್ ವಾಪಸ್ ಕೊಡೋ ಫೀ, ಇವೆಲ್ಲಾ ಅಕೌಂಟ್ ನಂಬರ್ ಮ್ಯಾಲೆನ ಬರ್ತಾವು.

ಸೀಡಿಂಗ್ ಇರಲೇ ಇಲ್ಲ ಅಂದ್ರ ಬ್ಯಾಂಕ್‌ನ್ಯಾಗ ಒಪ್ಪಿಗಿ ಫಾರ್ಮ್ ಇರ್ತೈತಿ, ತುಂಬಿ ಕೊಟ್ಟು, ಕೊಟ್ಟಿದ್ದಕ್ಕ ಒಂದು ಸಹಿ-ಸಿಕ್ಕಾ ಹಾಕಿಸ್ಕೊಂಡು ಬರ್ರಿ. ಸ್ವಲ್ಪ ದಿನ ಬಿಟ್ಟು ಮತ್ತ ಮೈಆಧಾರ್‌ನ್ಯಾಗ ನೋಡ್ರಿ. ಬದಲಾಗಿರಲಿಲ್ಲ ಅಂದ್ರ ಫಾರ್ಮ್ ಅಲ್ಲೇ ಡ್ರಾವರ್‌ನ್ಯಾಗ ಮಲಗೈತಿ ಅಂತ ಅರ್ಥ. ಊರಾಗಿನ ಬ್ಯಾಂಕ್‌ನ್ಯಾಗ ಭಾಳ ಸತಾಯಿಸಿದ್ರ ಪೋಸ್ಟ್ ಆಫೀಸಿಗೆ ಹೋಗಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಸ್ರಿ, ಬೆರಳಚ್ಚು ಕೊಟ್ರ ಅಲ್ಲೇ ಖಾತೆನೂ ಆಗ್ತೈತಿ ಸೀಡಿಂಗೂ ಕೇಳಿ ಮಾಡಸ್ಕೋಬಹುದು.

ಹಳೇ ಸಣ್ಣ ಖಾತೆ, ಅಂದ್ರ ಪೂರ್ತಿ ಕೆವೈಸಿ ಇಲ್ಲದಾಂಗ ತಗದಿದ್ದು, ಅದಕ್ಕ ಮಿತಿ ಇರ್ತಾವು. ವರ್ಷಕ್ಕ 1 ಲಕ್ಷದ ಮ್ಯಾಲೆ ಜಮಾ ಆಗಂಗಿಲ್ಲ, ಒಂದ್ ಸಲಕ್ಕ 50,000 ಮ್ಯಾಲೆ ಬಾಕಿ ಇರಾಕ ಬರಂಗಿಲ್ಲ. ಇಂಜಿನಿಯರಿಂಗ್, ಮೆಡಿಕಲ್ ಹುಡುಗರ ಫೀ ರೊಕ್ಕ ಹಿಂಗ ತಿರುಗಿ ಹೋಗ್ತೈತಿ. ಆಧಾರ್, ಪ್ಯಾನ್ ತಗೊಂಡು ಹೋಗಿ ಪೂರ್ತಿ ಕೆವೈಸಿ ಮಾಡಸಿಬಿಡ್ರಿ.

ಎಸ್‌ಸಿ ಪೋಸ್ಟ್ ಮೆಟ್ರಿಕ್, ಅಂದ್ರ ಎಸ್‌ಎಸ್‌ಎಲ್‌ಸಿ ಮುಂದಿನ ಓದಿಗೆ ಕೊಡೋ ಸ್ಕಾಲರ್‌ಶಿಪ್. ಅರ್ಧಾ ರೊಕ್ಕ ಬಂದೈತಿ, ಉಳದಿದ್ದು ಯಾರು ತಿಂದ್ರು?

ಯಾರೂ ತಿಂದಿಲ್ಲ ತಮ್ಮಾ, ಬರೋದ ಎರಡ ತುಂಡಾಗಿ. 2021ರಾಗ ಕೇಂದ್ರ ಸರ್ಕಾರ ಈ ಯೋಜನೆ ನಿಯಮ ಬದಲಿ ಮಾಡಿ 60:40 ಅಂತ ಮಾಡಿತು, 60 ಕೇಂದ್ರದ್ದು 40 ರಾಜ್ಯದ್ದು. ರಾಜ್ಯ ತನ್ನ ಪಾಲು ಹಾಕಿದ ಮ್ಯಾಲೆ ಆ ಡೇಟಾ ಕೇಂದ್ರಕ್ಕ ಹೋಗ್ತೈತಿ, ಅದಾದ ಮ್ಯಾಲೆ ಕೇಂದ್ರದ ಪಾಲು ಸೀದಾ ನಿಮ್ಮ ಆಧಾರ್ ಅಕೌಂಟಿಗೆ ಬರ್ತೈತಿ. ಎರಡರ ನಡುವ ತಿಂಗಳು ತಿಂಗಳು ಅಂತರ ಬೀಳೋದು ಮಾಮೂಲಿ.

ಇದರಾಗ ಹುಡುಗರು ಸಿಕ್ಕೊಳ್ಳೋದು ಬ್ಯಾರೆ ಕಡೆ. ಮೊದಲಿನಂಗ ಕಾಲೇಜಿಗೆ ಸೀದಾ ಹೋಗದ ರೊಕ್ಕ ನಿಮ್ಮ ಖಾತೆಗೆ ಬರೋದ್ರಿಂದ ಅದರಾಗಿನ ಫೀ ಭಾಗ ನೀವ ಕಾಲೇಜಿಗೆ ಕಟ್ಟಬೇಕು. ಮೆಸೇಜ್ ಬಂದ ದಿನ ಮನ್ಯಾಗ ಬೀಜ-ಗೊಬ್ಬರದ ಖರ್ಚು ಇರ್ತೈತಿ, ಯಾರದ್ದೋ ಸಾಲ ಇರ್ತೈತಿ, ಖರ್ಚಾಗಿಬಿಡ್ತೈತಿ. ಪರೀಕ್ಷೆ ಹೊತ್ತಿಗೆ ಕಾಲೇಜ್‌ನವರು ಕೇಳಿದಾಗ ಕೈಯಾಗ ಏನೂ ಇರಂಗಿಲ್ಲ. ಅಪ್ಪ ಅವ್ವಗ ಮೊದಲ ಕುಂದರಿಸಿ ಹೇಳ್ರಿ, ಇದರಾಗ ಇಷ್ಟು ಕಾಲೇಜಿಂದು ಇಷ್ಟು ನಂದು ಅಂತ.

ಆಧಾರ್‌ನ್ಯಾಗ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನ್ಯಾಗ ಒಂದು. ಅರ್ಜಿ ಮುಂದ ಹೋಗವಲ್ದು.

ಉತ್ತರ ಕರ್ನಾಟಕದ ಹೆಸರಿನ ಹಣೇಬರಹ ಇದು. ಸಾಲ್ಯಾಗ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಬರದಿರ್ತಾರ, ಆಧಾರ್‌ನ್ಯಾಗ ಅಡ್ಡಹೆಸರ ಹಾರಿಸಿರ್ತಾರ, ಜಾತಿ ಪ್ರಮಾಣಪತ್ರದಾಗ ಅಪ್ಪನ ಹೆಸರಿನ ಒಂದಕ್ಷರ ಅಷ್ಟ ಇರ್ತೈತಿ. ಹಡಪದ ಅನ್ನೋದರ ಕಡೀ ಅಕ್ಷರಕ್ಕ ಇಂಗ್ಲಿಷಿನ್ಯಾಗ "ಎ" ಹಚ್ಚಬೇಕೋ ಬ್ಯಾಡೋ ಅಂತ ಒಬ್ಬೊಬ್ಬ ಆಪರೇಟರ್‌ದು ಒಂದೊಂದು ಮತ. ಮನುಷ್ಯಾರಿಗೆ ಒಂದ ಹೆಸರು, ಕಂಪ್ಯೂಟರಿಗೆ ಮೂರು ಮಂದಿ.

ನನ್ನ ಸಲಹೆ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡನ್ನ ಗೂಟ ಅಂತ ಇಟ್ಕೊಂಡು ಉಳದದ್ದೆಲ್ಲಾ ಅದಕ್ಕ ಹೊಂದಿಸ್ರಿ. ಯಾಕಂದ್ರ ಮಾರ್ಕ್ಸ್ ಕಾರ್ಡ್ ತಿದ್ದುಪಡಿ ಸಾಲಿ ಹೆಡ್‌ಮಾಸ್ತರ ಮುಖಾಂತರ ಮಂಡಳಿಗೆ ಹೋಗಬೇಕು, ಭಾಳ ತಡಾ. ಆಧಾರ್ ತಿದ್ದಾಕ ಸೇವಾ ಕೇಂದ್ರಕ್ಕ ಹೋದ್ರ ಆತು. ಆದ್ರ ಹೆಸರು ಜೀವಮಾನದಾಗ ಎರಡ ಸಲ ಅಷ್ಟ ತಿದ್ದಾಕ ಬರ್ತೈತಿ, ಹುಟ್ಟಿದ ತಾರೀಖು ಒಂದ ಸಲ. ಹಂಗಾಗಿ ಅಲ್ಲಿ ಆಪರೇಟರ್ ಟೈಪ್ ಮಾಡಿದ ಚೀಟಿ ಕೊಟ್ಟಾಗ ಒಂದೊಂದು ಅಕ್ಷರಾ ಓದಿದ ಮ್ಯಾಲೆ ಸಹಿ ಮಾಡ್ರಿ. ಮಾರ್ಕ್ಸ್ ಕಾರ್ಡ್‌ದಾಗ ಖರೇನ ದೊಡ್ಡ ತಪ್ಪಿದ್ರ, ಅಪ್ಪನ ಹೆಸರ ಬ್ಯಾರೇದ ಇದ್ರ, ಆಗ ಅದನ್ನ ತಿದ್ದಿಸೋದ ಬಿಟ್ರ ದಾರಿ ಇಲ್ಲ, ಇವತ್ತ ಬಿಟ್ರ ನೌಕರಿ ಹೊತ್ತಿಗೆ ಇದಕ್ಕಿಂತ ದೊಡ್ಡ ತ್ರಾಸ ಆಗ್ತೈತಿ.

ಇನ್ನೊಂದು, 15 ವರ್ಷ ತುಂಬಿದ ಮ್ಯಾಲೆ ಆಧಾರ್ ಬಯೋಮೆಟ್ರಿಕ್ ಅಪ್ಡೇಟ್ ಮಾಡಸಬೇಕು. ಪಿಯುಸಿ ಹುಡುಗರಾಗ ಭಾಳ ಮಂದಿ ಮಾಡಸಿರಂಗಿಲ್ಲ. ಎನ್‌ಎಸ್‌ಪಿಯೊಳಗ ಈಗ ಒಮ್ಮೆ ಮಾಡೋ ನೋಂದಣಿಗೆ ಫೋನ್ ಕ್ಯಾಮೆರಾದಾಗ ಮುಖ ತೋರಿಸಬೇಕಾಗ್ತೈತಿ, ಆಧಾರ್‌ದಾಗ ಐದನೇತ್ತೆ ಹುಡುಗನ ಫೋಟೋ ಇದ್ರ ಅದು ಹೆಂಗ ಗುರ್ತು ಹಿಡೀಬೇಕು?

ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದ್ರ ಅವಧಿ ಮುಗದೈತಿ ಅಂತ ಬರ್ತೈತಿ. ಜಾತಿ ಬದಲಾಗ್ತೈತೇನ್ರಿ ಐದು ವರ್ಷಕ್ಕೊಮ್ಮೆ?

ಜಾತಿ ಬದಲಾಗಂಗಿಲ್ಲ, ಆದಾಯ ಬದಲಾಗ್ತೈತಿ. ಎಸ್‌ಸಿ, ಎಸ್‌ಟಿ, ಪ್ರವರ್ಗ-1ರ ಜಾತಿ ಪ್ರಮಾಣಪತ್ರ ಜೀವನಪೂರ್ತಿ ನಡೀತೈತಿ, ಆದ್ರ ಅವರ ಆದಾಯ ಪ್ರಮಾಣಪತ್ರಕ್ಕ 5 ವರ್ಷ. 2ಎ, 2ಬಿ, 3ಎ, 3ಬಿ ಅವರಿಗೆ ಜಾತಿ-ಆದಾಯ ಎರಡೂ ಒಂದ ಹಾಳ್ಯಾಗ ಇರೋದ್ರಿಂದ ಪೂರ್ತಿ ಪ್ರಮಾಣಪತ್ರಾನ 5 ವರ್ಷಕ್ಕ ಮುಗೀತೈತಿ. ಎಂಟನೇತ್ತೆದಾಗ ಮಾಡಸಿದ್ದು ಡಿಗ್ರಿಗೆ ಬರೂದ್ರಾಗ ಸತ್ತಿರ್ತೈತಿ.

ಹೊಸಾದು ಮಾಡಸೋದು ನಿಮ್ಮ ಊರಿನ ನಾಡಕಚೇರ್ಯಾಗ, ಕಾಲೇಜ್ ಇರೋ ಊರಾಗಲ್ಲ. ಹಿರೇಕೆರೂರ ಹುಡುಗ ಹುಬ್ಬಳ್ಳ್ಯಾಗ ಓದಾಕತ್ತಿದ್ರೂ ಪ್ರಮಾಣಪತ್ರ ಹಿರೇಕೆರೂರಿಂದನ ಬರಬೇಕು. ಆನ್‌ಲೈನ್‌ನ್ಯಾಗ ಅರ್ಜಿ ಹಾಕಾಕ ಬರ್ತೈತಿ, ಗ್ರಾಮ ಒನ್‌ನ್ಯಾಗೂ ಹಾಕ್ತಾರ. ಸ್ಕಾಲರ್‌ಶಿಪ್ ಇಲಾಖೆ ವಿಚಾರ ಇದಕ್ಕ ಉಲ್ಟಾ, ಅದು ಸಾಮಾನ್ಯವಾಗಿ ಕಾಲೇಜ್ ಇರೋ ತಾಲೂಕಿನ ಕಚೇರಿಗೆ ಹೋಗ್ತೈತಿ. ಈ ಎರಡನ್ನ ಅದಲು ಬದಲು ಮಾಡಿಕೊಂಡು ಬಸ್ ಚಾರ್ಜ್ ಕಳಕೋಬ್ಯಾಡ್ರಿ.

ತಲಾಠಿ ಸಾಹೇಬ್ರು ಆದಾಯ ಹೆಚ್ಚಿಗಿ ಬರದಾರ ಅಂತ ಬಂದವರೂ ಅದಾರ. ಪ್ರಮಾಣಪತ್ರ ಬಂದ ಮ್ಯಾಲೆ ಜಗಳ ಮಾಡೋಕಿಂತ ಮೊದಲ ಪರಿಶೀಲನೆ ಟೈಮಿಗೆ ಹೋಗಿ ಹೊಲದ ಉತಾರ (ಪಹಣಿ), ರೇಷನ್ ಕಾರ್ಡ್, ಕೂಲಿ ಅಂದ್ರ ಕೂಲಿ, ಇದ್ದದ್ದು ಇದ್ದಂಗ ಹೇಳ್ರಿ. ತಪ್ಪಾಗಿ ಬಂದ್ರ ತಹಶೀಲ್ದಾರರಿಗೆ ಬರವಣಿಗ್ಯಾಗ ಅರ್ಜಿ ಕೊಡ್ರಿ. ಎಸ್‌ಸಿ, ಎಸ್‌ಟಿ ಪೋಸ್ಟ್ ಮೆಟ್ರಿಕ್‌ಗೆ ಕೇಂದ್ರದ ಮಿತಿ ವರ್ಷಕ್ಕ 2.5 ಲಕ್ಷ. ಅದಕ್ಕಿಂತ ಒಂದ ರೂಪಾಯಿ ಜಾಸ್ತಿ ಬರದಿದ್ರೂ ಕಂಪ್ಯೂಟರ್ ಕನಿಕರ ತೋರ್ಸಂಗಿಲ್ಲ.

ಈ ಪ್ರಮಾಣಪತ್ರ ಸಕಾಲ, ಅಂದ್ರ ಇಂತಿಷ್ಟ ದಿನದೊಳಗ ಸೇವೆ ಕೊಡಬೇಕನ್ನೋ ಕಾಯ್ದೆದಾಗ ಬರ್ತಾವು. ಅರ್ಜಿ ಕೊಟ್ಟಾಗ 15 ಅಂಕಿ ಜಿಎಸ್‌ಸಿ ನಂಬರ್ ಕೊಡ್ತಾರ, ಅದನ್ನ ಬಿಡದ ಇಸ್ಕೊಳ್ರಿ. ಹೇಳಿದ ದಿನದೊಳಗ ಆಗಲಿಲ್ಲ ಅಂದ್ರ ಮ್ಯಾಲ್ಮನವಿ ಹಾಕಬಹುದು, ದಿನಕ್ಕ 20 ರೂಪಾಯಿ ಹಂಗ 500ರ ತನಕ ಪರಿಹಾರನೂ ಕೇಳಬಹುದು. ರೊಕ್ಕದ ಸಲುವಾಗಲ್ಲ, ಆ ನಂಬರ್ ಬಾಯಾಗ ಬಂದ ಕೂಡಲೇ ಫೈಲ್ ಅಳ್ಳಾಡ್ತೈತಿ, ಅದಕ್ಕ.

ಹ್ವಾದ ವರ್ಷ ಬಂದಿತ್ತು, ಈ ವರ್ಷ ಬರಲಿಲ್ಲ.

ಮೊದಲ ಕೇಳೋದು, ಈ ವರ್ಷ ಅರ್ಜಿ ಹಾಕೀರೇನು? ನಗಬ್ಯಾಡ್ರಿ, ಒಮ್ಮೆ ಹಾಕಿದ್ರ ಕೋರ್ಸ್ ಮುಗಿಯೂತನಕ ತಾನ ಬರ್ತೈತಿ ಅಂತ ತಿಳಕೊಂಡವರು ಭಾಳ ಅದಾರ. ಪ್ರತಿ ವರ್ಷಾ ಹಾಕಬೇಕು.

ಹಾಕಿದ್ರೂ ಬರಲಿಲ್ಲ ಅಂದ್ರ ಕೆಲವು ಕಾರಣ. ಫೇಲ್ ಆಗಿ ಅದ ವರ್ಷ ಮತ್ತ ಓದಾಕತ್ತಿದ್ರ ಸಾಮಾನ್ಯವಾಗಿ ಕೊಡಂಗಿಲ್ಲ. ಬಿಎ ಮುಗಿಸಿ ಮತ್ತ ಬಿಕಾಂ ಸೇರಿದ್ರ, ಅಂದ್ರ ಅದ ಹಂತದ ಇನ್ನೊಂದು ಕೋರ್ಸ್ ಆದ್ರ, ಪೋಸ್ಟ್ ಮೆಟ್ರಿಕ್‌ನ್ಯಾಗ ಬರಂಗಿಲ್ಲ. ಹಾಸ್ಟೆಲ್ ಬದಲಾದ್ರೂ ಲೆಕ್ಕ ಬದಲಾಗ್ತೈತಿ. ವಿದ್ಯಾಸಿರಿ ಅನ್ನೋದು ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಹುಡುಗರಿಗೆ ಊಟ-ವಸತಿಗೆ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಕೊಡೋದು. ನಡುವ ಇಲಾಖೆ ಹಾಸ್ಟೆಲ್‌ನ್ಯಾಗ ಸೀಟ್ ಸಿಕ್ತು ಅಂದ್ರ ಅದು ನಿಲ್ತೈತಿ. ಹಾಸ್ಟೆಲ್ ಊಟಾನೂ ಬೇಕು ವಿದ್ಯಾಸಿರಿನೂ ಬೇಕು ಅಂದ್ರ ನಡಿಯಂಗಿಲ್ಲ.

ಸ್ಕಾಲರ್‌ಶಿಪ್ ಬಂದ ಮ್ಯಾಲೆ ಕಟ್ತೀನಿ ಅಂದ್ರ ಕಾಲೇಜ್‌ನವರು ಒಪ್ಪವಲ್ರು. ಹಾಲ್ ಟಿಕೆಟ್ ಕೊಡಂಗಿಲ್ಲ ಅಂತಾರ.

ಇದರಾಗ ನಾನು ಹುಡುಗರ ಕಡೆ. ಸರ್ಕಾರ ತಡಾ ಮಾಡಿದ್ದಕ್ಕ ಹುಡುಗಿ ಪರೀಕ್ಷೆಗೆ ಕುಂದರಬಾರದಂದ್ರ ಯಾವ ನ್ಯಾಯ? ಆದ್ರ ಖಾಸಗಿ ಕಾಲೇಜ್‌ನವರಿಗೂ ಪಗಾರ ಕೊಡೋದು ಇರ್ತೈತಿ ಅನ್ನೋದೂ ಖರೇ.

ಜಗಳಕ್ಕ ಹೋಗದ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೀರಿ. ಅರ್ಜಿ ಸಂಖ್ಯೆ, ಸದ್ಯದ ಸ್ಟೇಟಸ್ ಪ್ರಿಂಟ್, ರೊಕ್ಕ ಬಂದ ಕೂಡಲೇ ಕಟ್ತೀನಿ ಅಂತ ನಿಮ್ಮದು ಮತ್ತ ಪಾಲಕರದು ಸಹಿ. ಎರಡ ಪ್ರತಿ ಮಾಡಿ ಒಂದರ ಮ್ಯಾಲೆ ಸ್ವೀಕೃತಿ ಸಿಕ್ಕಾ ತಗೊಳ್ರಿ. ಬಾಯಿಮಾತಿಗೆ ಆಗಲ್ಲ ಅಂದವರು ಬರವಣಿಗ್ಯಾಗ ಆಗಲ್ಲ ಅಂತ ಕೊಡಾಕ ಹಿಂದ ಮುಂದ ನೋಡ್ತಾರ. ಆದ್ರೂ ಕೇಳಲಿಲ್ಲ ಅಂದ್ರ ಅದ ಪ್ರತಿ ತಗೊಂಡು ಇಲಾಖೆ ತಾಲೂಕು ಅಧಿಕಾರಿ ಕಡೆ ಹೋಗ್ರಿ, ಅವರಿಂದ ಕಾಲೇಜಿಗೆ ಒಂದು ಫೋನ್ ಹೋದ್ರ ಮಾತಿನ ಧಾಟಿ ಬದಲಾಗ್ತೈತಿ. ಮೂಲ ಮಾರ್ಕ್ಸ್ ಕಾರ್ಡ್, ಟಿಸಿ ಇಟ್ಕೊಂಡು ಕೊಡವಲ್ರು ಅಂದ್ರ, ಅದಕ್ಕ ಯುಜಿಸಿ ಒಪ್ಪಂಗಿಲ್ಲ, 2018ರಾಗ ಅಧಿಸೂಚನೆ ಮಾಡಿ ಹೇಳೈತಿ, ದಾಖಲೆ ನೋಡಿ ವಾಪಸ್ ಕೊಡಬೇಕು ಅಂತ.

ಅಪ್ಪ ರೈತ. ರೈತ ವಿದ್ಯಾನಿಧಿ ಬರ್ಲೇ ಇಲ್ಲ.

ರೈತರ ಮಕ್ಕಳಿಗೆ ಅಂತ ರಾಜ್ಯ ಸರ್ಕಾರ 2021ರಾಗ ಶುರು ಮಾಡಿದ ವಿದ್ಯಾರ್ಥಿವೇತನ ಇದು. ಪಿಯುಸಿ, ಐಟಿಐ, ಡಿಪ್ಲೊಮಾಕ್ಕ ಗಂಡುಹುಡುಗರಿಗೆ 2,500, ಹೆಣ್ಣುಮಕ್ಕಳಿಗೆ 3,000 ಇಂದ ಹಿಡದು ಇಂಜಿನಿಯರಿಂಗ್, ಮೆಡಿಕಲ್‌ಗೆ 10,000 ಮತ್ತ 11,000 ತನಕ ಅಂತ ಮಾಡಿದ್ರು. ಇದಕ್ಕ ಬೇಕಾಗೋದು ಅಪ್ಪಂದೋ ಅವ್ವಂದೋ ಫ್ರೂಟ್ಸ್ ಐಡಿ, ಅಂದ್ರ ರೈತರ ನೋಂದಣಿ ನಂಬರ್, ರೈತ ಸಂಪರ್ಕ ಕೇಂದ್ರದಾಗ ಮಾಡಿಕೊಡ್ತಾರ.

ಬರದ ಇರಾಕ ಮುಖ್ಯ ಕಾರಣ ಒಂದ, ಹೊಲ ಇನ್ನೂ ಅಜ್ಜನ ಹೆಸರಿನ್ಯಾಗ ಐತಿ. ಅಜ್ಜ ಹೋಗಿ ಎಷ್ಟೋ ವರ್ಷ ಆಗಿರ್ತೈತಿ, ಅಣ್ಣತಮ್ಮಂದಿರ ನಡುವ ಪಾಲು ಆಗಿರಂಗಿಲ್ಲ, ಉತಾರದಾಗ ಅಜ್ಜನ ಹೆಸರ ನಡಕೋತ ಬಂದಿರ್ತೈತಿ. ರೋಣ, ನವಲಗುಂದ ಕಡೆ ಎರಿ ಹೊಲದವರ ಮನ್ಯಾಗ ಇದ ಕಥಿ. ಸ್ಕಾಲರ್‌ಶಿಪ್ ಸಲುವಾಗಿ ಅಲ್ಲದಿದ್ರೂ ವಾರಸಾ ಮಾಡಸ್ರಿ, ಬೆಳಿ ವಿಮಾ, ಬೆಳಿ ಪರಿಹಾರ ಎಲ್ಲದಕ್ಕೂ ಅದ ಬೇಕು. ಇನ್ನೊಂದು, ರೇಷನ್ ಕಾರ್ಡಿನ್ಯಾಗ ನಿಮ್ಮ ಹೆಸರು ಅಪ್ಪನ ಜೋಡಿ ಇರಲಿ. ಕಾಕಾನ ಕಾರ್ಡಿನ್ಯಾಗೋ ಸೋದರಮಾವನ ಕಾರ್ಡಿನ್ಯಾಗೋ ಇದ್ರ ನೀವು ಈ ರೈತನ ಮಗ ಅಂತ ಕಂಪ್ಯೂಟರ್‌ಗೆ ಗೊತ್ತಾಗಂಗಿಲ್ಲ.

ಎಸ್‌ಎಸ್‌ಪಿ, ಎನ್‌ಎಸ್‌ಪಿ ಎರಡೂ ಹಾಕಬಹುದೇನು?

ಯಾವ ಯೋಜನೆ ಅನ್ನೋದರ ಮ್ಯಾಲೆ ಐತಿ. ಪಿಯುಸಿ ಅಂಕದ ಮ್ಯಾಲೆ ಕಾಲೇಜ್ ಹುಡುಗರಿಗೆ ಕೊಡೋ ಕೇಂದ್ರದ ಪಿಎಂ-ಯುಎಸ್‌ಪಿ ಐತಲ್ಲ, ಡಿಗ್ರಿಗೆ ವರ್ಷಕ್ಕ 12,000, ಪಿಜಿಗೆ 20,000, ಮನಿ ಆದಾಯ 4.5 ಲಕ್ಷದೊಳಗ, ಅದು ತಗೊಂಡವರು ಬ್ಯಾರೆ ಸ್ಕಾಲರ್‌ಶಿಪ್, ಫೀ ರಿಯಾಯಿತಿ ತಗೊಳ್ಳಂಗಿಲ್ಲ ಅಂತ ನಿಯಮ. ಎರಡೂ ಹಾಕಿ ಯಾವುದು ಬರ್ತೈತಿ ನೋಡೂನು ಅನ್ನೋ ಲೆಕ್ಕ ಕೆಲವರದು, ಕಡೀಕ ಒಂದನ್ನ ವಾಪಸ್ ಕಟ್ಟು ಅಂತ ಬಂದ್ರ ತ್ರಾಸ. ನಿಮ್ಮ ಕೋರ್ಸಿಗೆ ಯಾವುದರಾಗ ರೊಕ್ಕ ಜಾಸ್ತಿ ಅಂತ ಮೊದಲ ಕೂಡಿಸಿ ನೋಡ್ರಿ. ಫೀ ಜಾಸ್ತಿ ಇರೋ ಕೋರ್ಸ್‌ನವರಿಗೆ, ಫೀ ಮರುಪಾವತಿ ಸಿಗೋ ವರ್ಗದಾಗಿದ್ರ, ಸಾಮಾನ್ಯವಾಗಿ ರಾಜ್ಯದ್ದ ಚಲೋ.

ಎನ್‌ಎಸ್‌ಪಿಯೊಳಗ "ಡಿಫೆಕ್ಟಿವ್" ಅಂತ ಬಂದ್ರ ಹೆದರಬ್ಯಾಡ್ರಿ, ತಿದ್ದಿ ಮತ್ತ ಕಳಸು ಅಂತ ಅರ್ಥ. "ರಿಜೆಕ್ಟೆಡ್" ಅಂದ್ರ ಆ ವರ್ಷದ್ದು ಮುಗೀತು. ಡಿಫೆಕ್ಟಿವ್ ಬಂದಾಗ ಸುಮ್ಮ ಕುಂತು ತಾರೀಖು ದಾಟಿಸಿದ್ರ ಫಲ ಎರಡೂ ಒಂದ.

ಕೊನೇ ತಾರೀಖು ಮುಗೀತು. ಏನಾರ ಮಾಡಾಕ ಬರ್ತೈತೇನು?

ಎಸ್‌ಎಸ್‌ಪಿಯೊಳಗ ತಾರೀಖು ಮುಂದ ಹಾಕೋದು ಆಗಾಗ ಆಗ್ತೈತಿ, ಇಲಾಖೆ ಇಲಾಖೆಗೆ ಬ್ಯಾರೆ ಬ್ಯಾರೆ. ಅದಕ್ಕ ಮುಗೀತು ಅಂತ ಕೈ ಬಿಡದ ಪೋರ್ಟಲ್ ನೋಡ್ಕೋತ ಇರ್ರಿ, ಕಾಗದ ತಯಾರ ಇಟ್ಕೊಳ್ರಿ. ಆದ್ರ ಮುಂದ ಹಾಕ್ತಾರ ಬಿಡು ಅಂತ ನಂಬಿ ಕುಂದ್ರಬ್ಯಾಡ್ರಿ. ಕಡೀ ದಿನ ಸರ್ವರ್ ನಿಂತಿತ್ತು ಅಂದ್ರ ಎರರ್ ಬಂದ ಸ್ಕ್ರೀನ್ ಟೈಮ್ ಕಾಣೋಹಂಗ ಫೋಟೋ ಹೊಡಕೊಂಡು ಹೆಲ್ಪ್‌ಡೆಸ್ಕ್‌ಗೆ ಅವತ್ತ ಮೇಲ್ ಹಾಕ್ರಿ.

ದೂರು ಕೊಡೋದು ಎಲ್ಲಿ?

ಮೊದಲ ತಾಲೂಕು ಅಧಿಕಾರಿ, ಆಮ್ಯಾಲೆ ಜಿಲ್ಲಾ ಅಧಿಕಾರಿ, ಅದೂ ಆಗಲಿಲ್ಲ ಅಂದ್ರ 1902ಕ್ಕ ಫೋನ್ ಮಾಡಿ ರಾಜ್ಯದ ಕುಂದುಕೊರತೆ ವ್ಯವಸ್ಥ್ಯಾಗ ದಾಖಲು ಮಾಡಸ್ರಿ, ನಂಬರ್ ಕೊಡ್ತಾರ. ಆಧಾರ್ ವಿಷಯ ಆದ್ರ 1947. ಜಿಲ್ಲಾಧಿಕಾರಿಗಳ ಜನಸ್ಪಂದನ ನಡದಾಗ ನಾಕೈದು ಮಂದಿ ಕೂಡಿ ಒಂದ ಅರ್ಜಿ ಕೊಟ್ರ ಒಬ್ಬರು ಕೊಟ್ಟಿದ್ದಕ್ಕಿಂತ ಲಗೂನ ಕೆಲಸ ಆಗ್ತೈತಿ, ಕಂಡಿದ್ದು ಹೇಳ್ತೀನಿ.

ಎಲ್ಲಾ ಆದ ಮ್ಯಾಲೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡ್ ಇದ್ರ ಅದೂ ಬೇಕಿಲ್ಲ. 30 ದಿನದಾಗ ಉತ್ತರ ಕೊಡಬೇಕು. "ನನ್ನ ಸ್ಕಾಲರ್‌ಶಿಪ್ ಯಾಕ ಬಂದಿಲ್ಲ" ಅಂತ ಕೇಳಿದ್ರ ಅದು ಮಾಹಿತಿ ಅಲ್ಲ ಅಂತ ವಾಪಸ್ ಕಳಸ್ತಾರ. "ಈ ಸಂಖ್ಯೆ ಅರ್ಜಿ ಯಾವ ತಾರೀಖಿಗೆ ಯಾವ ಅಧಿಕಾರಿ ಕಡೆ ಬಂತು, ಅದರ ಮ್ಯಾಲೆ ಏನು ಕ್ರಮ ಆಗೈತಿ, ಬಿಲ್ ಖಜಾನೆಗೆ ಹೋದ ತಾರೀಖು, ಟಿಪ್ಪಣಿ ಹಾಳಿ ಪ್ರತಿ ಸಮೇತ ಕೊಡ್ರಿ" ಅಂತ ಬರೀರಿ. 150 ಶಬ್ದದೊಳಗ, ಒಂದ ವಿಷಯ.

ರೊಕ್ಕ ಬರೂತನಕ ಫೀ ಹೆಂಗ ಕಟ್ಟೋದು?

ಬಡ್ಡಿ ಸಾಲ ತಗೊಳ್ಳೂ ಮೊದಲ ಬ್ಯಾಂಕ್ ಶಿಕ್ಷಣ ಸಾಲ ನೋಡ್ರಿ. ಬ್ಯಾಂಕುಗಳ ಮಾದರಿ ಯೋಜನ್ಯಾಗ 4 ಲಕ್ಷದ ತನಕ ನಿಮ್ಮ ಕೈಯಿಂದ ಪಾಲು ಹಾಕೋದು ಇರಂಗಿಲ್ಲ, 7.5 ಲಕ್ಷದ ತನಕ ಆಸ್ತಿ ಅಡವು ಕೇಳಂಗಿಲ್ಲ. 2024ರ ನವೆಂಬರ್‌ದಾಗ ಒಪ್ಪಿಗಿ ಆದ ಪಿಎಂ ವಿದ್ಯಾಲಕ್ಷ್ಮಿ ಬ್ಯಾರೆ ಐತಿ, ಅದು ಆಯ್ದ ಒಳ್ಳೆ ರ‍್ಯಾಂಕಿಂಗ್ ಸಂಸ್ಥೆಗಳಿಗೆ ಅಷ್ಟ, ಆದಾಯ 8 ಲಕ್ಷದೊಳಗ ಇದ್ದವರಿಗೆ 10 ಲಕ್ಷದ ತನಕದ ಸಾಲಕ್ಕ ಬಡ್ಡ್ಯಾಗ ಶೇ. 3 ರಿಯಾಯಿತಿ. ಮ್ಯಾನೇಜರ್ ಬಾಯಿಮಾತಿಲೆ ಇಲ್ಲ ಅಂದ್ರ ವಾದ ಹಾಕಬ್ಯಾಡ್ರಿ, ವಿದ್ಯಾಲಕ್ಷ್ಮಿ ಪೋರ್ಟಲ್‌ನ್ಯಾಗ ಅರ್ಜಿ ಹಾಕ್ರಿ, ತಿರಸ್ಕಾರ ಮಾಡೋದಿದ್ರ ಕಾರಣ ಬರೀಬೇಕಾಗ್ತೈತಿ.

ಅಪ್ಪ ಗೌಂಡಿ ಕೆಲಸದವರು, ಕಟ್ಟಡ ಕಾರ್ಮಿಕರ ಕಾರ್ಡ್ ಐತಿ ಅಂದ್ರ ಆ ಮಂಡಳಿಯಿಂದ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಐತಿ. ಕಾರ್ಡ್ ಇಟ್ಕೊಂಡು ಎಂದೂ ಕೇಳದವರ ಜಾಸ್ತಿ.

ಒಬ್ಬರು 2,000 ಕೊಟ್ರ ಒಳಗಿಂದ ಪುಶ್ ಮಾಡಸ್ತೀನಿ ಅಂತಾರ.

ಕೊಡಬ್ಯಾಡ್ರಿ. ಒಳಗಿಂದ ಪುಶ್ ಅನ್ನೋದು ಇಲ್ಲ. ಅವರು ಮಾಡೋದು ನಿಮ್ಮ ಸ್ಟೇಟಸ್ ದಿನಾ ನೋಡೋದು, ತನ್ನ ಪಾಡಿಗೆ ತಾನ ಮಂಜೂರು ಆದ ದಿನ ನಾನ ಮಾಡಸಿದೆ ಅನ್ನೋದು. ಸ್ಕಾಲರ್‌ಶಿಪ್ ಇಲಾಖೆಯಿಂದ ಮಾತಾಡಾಕತ್ತೀವಿ ಅಂತ ಫೋನ್ ಬಂದು ಓಟಿಪಿ ಕೇಳಿದ್ರ ಕಟ್ ಮಾಡ್ರಿ, ಯಾವ ಇಲಾಖೆನೂ ಫೋನ್ ಮಾಡಿ ಓಟಿಪಿ ಕೇಳಂಗಿಲ್ಲ.

ಹಂಗಾರ ನಿಮ್ಮಂಥ ಅಂಗಡಿಗೆ ಬರಬೇಕಂತ ಐತೇನು?

ಇಲ್ರಿ. ಮೊಬೈಲ್ ಇದ್ರ ಎಲ್ಲಾ ನೀವ ಮಾಡಬಹುದು, ಗಡಿಬಿಡಿ ಇಲ್ಲದಾಗ, ಮುಂಜಾನೆ ಲಗೂನ ಸರ್ವರ್ ಹಗುರ ಇದ್ದಾಗ ಕುಂತು ಮಾಡಿದ್ರ ನಮ್ಮ ಹುಡುಗರಿಗಿಂತ ಚಲೋನ ತುಂಬ್ತೀರಿ, ಯಾಕಂದ್ರ ನಿಮ್ಮ ಹೆಸರು ನಿಮಗ ಗೊತ್ತಿರ್ತೈತಿ. ಯಾವುದಾರ ಅಂಗಡ್ಯಾಗ ಹಾಕಿಸಿದ್ರ ಅವರ ಮೊಬೈಲ್ ನಂಬರ್ ಹಾಕಾಕ ಬಿಡಬ್ಯಾಡ್ರಿ, ಐಡಿ ಪಾಸ್‌ವರ್ಡ್ ನಿಮ್ಮ ನೋಟ್‌ಬುಕ್ಕಿನ್ಯಾಗ ಬರಕೊಳ್ರಿ, ಸ್ವೀಕೃತಿ ಪ್ರಿಂಟ್ ಕೈಯಾಗ ಬರೂತನಕ ರೊಕ್ಕ ಕೊಡಬ್ಯಾಡ್ರಿ. ನನಗೂ ಅಷ್ಟ.